ತೊಟ್ಟಿಲಲ್ಲೇ ಪಟ್ಟಾಭಿಷೇಕ

ಕೊಡಗಿನ ಕೊನೆಯ ರಾಜನನ್ನು ಬ್ರಿಟಿಷರು ಗದ್ದುಗೆಯಿಂದ ಇಳಿಸಿದ್ದು 1834ರಲ್ಲಿ. ಅಲ್ಲಿಗೆ ರಾಜರ ಕಾಲ ಮುಗಿಯಿತು ಅಂದುಕೊಂಡಿದ್ದೆವು. ಈಗ ವಿರಾಜಪೇಟೆಯಿಂದ ಶನಿವಾರಸಂತೆವರೆಗೆ ಯಾವ ತೊಟ್ಟಿಲು ಇಣುಕಿದರೂ ಒಬ್ಬ ದೊರೆ ಮಲಗಿದ್ದಾನೆ. ಡೈಪರ್ ಹಾಕಿಕೊಂಡು.

ಮೊದಲು ಹೆಸರಿಡುವುದು ಅಂಥ ಕಷ್ಟದ ಕೆಲಸ ಆಗಿರಲಿಲ್ಲ. ಅಜ್ಜನ ಹೆಸರೋ, ಮನೆದೇವರ ಹೆಸರೋ ಇಟ್ಟು ಊಟಕ್ಕೆ ಎಲೆ ಹಾಕುತ್ತಿದ್ದರು. ಈಗ ಮೊಬೈಲ್ ಇದೆ. ದೇಶ ಆರಿಸಿ, ಅಕ್ಷರ ಆರಿಸಿ, ಅರ್ಥ ಆರಿಸಿ. ಅರ್ಥದ ಜಾಗದಲ್ಲಿ 'ಆಳುವವನು' ಅಂತ ಒತ್ತಿದರೆ ಸಾಕು, ಭೂಮಿ ಮೇಲಿನ ಸಿಂಹಾಸನಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. 'ಸಾಲ ತೀರಿಸುವವನು', 'ಹೇಳಿದ ಟೈಮಿಗೆ ಬರುವವನು' ಅನ್ನುವ ಅರ್ಥವನ್ನು ಯಾರೂ ಹುಡುಕುವುದಿಲ್ಲ.

ಪರಿಚಯದ ಮನೆಯೊಂದರಲ್ಲಿ ಮಗುವಿಗೆ ರಯಾನ್ ಅಂತ ಇಟ್ಟರು. ಅಪ್ಪ ಎಲ್ಲರಿಗೂ ವಿವರಿಸುತ್ತಿದ್ದ. 'ಐರಿಷ್ ಹೆಸರು. ಪುಟ್ಟ ರಾಜ ಅಂತ ಅರ್ಥ.' ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ ತಲೆ ಎತ್ತಿದರು. 'ಹಂಗಾದ್ರೆ ನಿಮ್ಮಜ್ಜನ ಹೆಸರೇ ಇಟ್ರಿ ಅನ್ನಿ. ಪುಟ್ಟರಾಜು.' ಮಗುವಿನ ತಾಯಿಯ ಮುಖ ನೋಡಬೇಕಿತ್ತು. ಪುಟ್ಟರಾಜು ಅನ್ನುವುದು ಹಳೇ ಹೆಸರು, ಸ್ಕೂಲಲ್ಲಿ ನಗ್ತಾರೆ ಅಂತ ತಿಂಗಳುಗಟ್ಟಲೆ ಹಟ ಹಿಡಿದಿದ್ದು ಅವಳೇ. ಅದೇ ಪುಟ್ಟರಾಜು ಐರ್ಲೆಂಡಿಗೆ ಹೋಗಿ ಬಂದರೆ ನಡೆಯುತ್ತದೆ.

ರಾಜನೇ ಬೇಕು ಅಂದರೆ ಲ್ಯಾಟಿನ್‌ನಲ್ಲಿ ನೇರವಾಗಿ ರೆಕ್ಸ್ ಅಂತ ಇದೆ. ಅದನ್ನು ಮಾತ್ರ ಇಲ್ಲಿ ಯಾರೂ ಮುಟ್ಟುವುದಿಲ್ಲ. ನಮ್ಮ ಕಡೆ ತೋಟದ ಗೇಟಿನ ಹತ್ತಿರ 'ರೆಕ್ಸ್' ಅಂತ ಕೂಗಿ ನೋಡಿ, ಬಾಲ ಅಲ್ಲಾಡಿಸಿಕೊಂಡು ಯಾರು ಬರುತ್ತಾರೆ ಅಂತ ಗೊತ್ತಾಗುತ್ತದೆ. ಗ್ರೀಕರ ಬೇಸಿಲ್ ಕೂಡ ರಾಜನೇ, ಆದರೆ ಆ ಹೆಸರಿನ ಸೊಪ್ಪೂ ಇದೆ. ಅರಬ್ಬಿಯ ಮಲಿಕ್, ಹೀಬ್ರೂವಿನ ರಾಜಕುಮಾರಿ ಸಾರಾ, ಸದಾ ಆಳುವವನು ಅನ್ನುವ ಅರ್ಥದ ಉತ್ತರ ಯುರೋಪಿನ ಎರಿಕ್, ಇವೆಲ್ಲ ಪಟ್ಟಿಯಲ್ಲಿ ಇದ್ದೇ ಇವೆ. ಹೆನ್ರಿ ಅಂದರೆ ಮನೆಯನ್ನು ಆಳುವವನಂತೆ. ಇದನ್ನು ಗಂಡಸರಿಗೆ ಇಟ್ಟವರ ಧೈರ್ಯ ದೊಡ್ಡದು. ಇಂಗ್ಲೆಂಡಿನ ಎಂಟನೇ ಹೆನ್ರಿ ಆರು ಮದುವೆ ಆದ, ಇಬ್ಬರು ಹೆಂಡತಿಯರ ತಲೆ ತೆಗೆಸಿದ. ಮನೆ ಆಳಿದ ಚಂದ ಅದು! ಡೊನಾಲ್ಡ್ ಅಂದರೆ ಜಗತ್ತನ್ನೇ ಆಳುವವನು. ಅದರ ಬಗ್ಗೆ ನಾನು ಏನೂ ಹೇಳಲ್ಲ, ಪೇಪರ್ ನೀವೂ ಓದುತ್ತೀರಲ್ಲ. ವ್ಲಾದಿಮಿರ್ ಹೆಸರಲ್ಲೂ ಆಳ್ವಿಕೆ ಇದೆ. ರಷ್ಯಾದ ಅಧ್ಯಕ್ಷರದ್ದು ಅದೇ ಹೆಸರು, ಉಕ್ರೇನಿನ ಅಧ್ಯಕ್ಷರದ್ದೂ ಅದೇ, ಉಚ್ಚಾರ ಸ್ವಲ್ಪ ಬೇರೆ. 2022ರಿಂದ ಯುದ್ಧ ನಡೆಯುತ್ತಲೇ ಇದೆ.

ಹೆಸರಿನಿಂದ ರಾಜ್ಯ ಉಳಿಯುವುದಾದರೆ ಮೊದಲು ಉಳಿಯಬೇಕಾಗಿದ್ದು ನಮ್ಮ ಆ ಕೊನೆಯ ರಾಜ ಚಿಕ್ಕವೀರರಾಜೇಂದ್ರನದ್ದು. ಆ ಹೆಸರಲ್ಲಿ ವೀರ ಇದ್ದ, ರಾಜ ಇದ್ದ, ಸಾಲದ್ದಕ್ಕೆ ಇಂದ್ರನೂ ಇದ್ದ. ಕಂಪನಿಯವರು ಮೂರೂ ಜನರನ್ನು ಒಟ್ಟಿಗೆ ಹಿಡಿದು ಕಾಶಿಗೆ ಸಾಗಿಸಿದರು. 1852ರಲ್ಲಿ ಆತ ಇಂಗ್ಲೆಂಡಿಗೆ ಹೋದ, ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ದುಡ್ಡಿಗಾಗಿ ಕೋರ್ಟು ಹತ್ತಿದ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಗಳು ಗೌರಮ್ಮನ ದೀಕ್ಷಾಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ನಿಂತು ತನ್ನ ಹೆಸರು ಕೊಟ್ಟಳು. ಹೆಸರು ಕೊಟ್ಟಳು, ಕೊಡಗು ಕೊಡಲಿಲ್ಲ. ಈಗ ಮಡಿಕೇರಿಯ ರಾಜಾಸೀಟಿನಲ್ಲಿ ಟಿಕೆಟ್ ತೆಗೆದುಕೊಂಡ ಯಾರು ಬೇಕಾದರೂ ಕೂತು ಸೆಲ್ಫಿ ತೆಗೆದುಕೊಳ್ಳಬಹುದು.

ಇನ್ನೊಂದು ಕಡೆ, 1949ರ ಜನವರಿ 15ರಂದು ಇಡೀ ಭಾರತದ ಸೇನೆಗೆ ದಂಡನಾಯಕರಾದವರು ಕೊಡಗಿನವರೇ. ಹೆಸರು ಕಾರ್ಯಪ್ಪ. ಅದರಲ್ಲಿ ಅಪ್ಪ ಇದ್ದಾನೆ, ರಾಜ ಎಲ್ಲೂ ಇಲ್ಲ. ಇವತ್ತು ಯಾರಾದರೂ ಆ ಹೆಸರು ಇಡೋಣ ಅಂದರೆ, 'ಅದಕ್ಕೆ ಪವರ್ ಇಲ್ಲ' ಅನ್ನುವ ಸೋದರಮಾವ ಒಬ್ಬ ಎದ್ದೇ ಏಳುತ್ತಾನೆ.

ನನಗೆ ಚಿಂತೆ ಬೇರೆ. ಈಗಲೇ ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಜನ ಬರಬೇಕು. ಇನ್ನು ಇಪ್ಪತ್ತು ವರ್ಷಕ್ಕೆ ಜಿಲ್ಲೆಯ ತುಂಬ ಆಳುವವರೇ ಇರುತ್ತಾರೆ, ಆಳು ಒಬ್ಬನೂ ಸಿಗಲ್ಲ. ಎಲ್ಲರೂ ಸಿಂಹಾಸನದಲ್ಲಿ ಕೂತರೆ ಮರ ಹತ್ತಿ ನೆರಳಿನ ಕೊಂಬೆ ಕಡಿಯೋರು, ಮರಕಸಿ ಮಾಡೋರು ಯಾರು? ತೋಟಕ್ಕೆ ನುಗ್ಗುವ ಕಾಡಾನೆಗೆ ಹೆಸರಿನ ಅರ್ಥ ಹೇಳಿದರೆ ಅದು ಕೇಳುತ್ತದಾ?

ಸದ್ಯಕ್ಕೆ ಈ ದೊರೆಗಳ ಮೊದಲ ದಂಡಯಾತ್ರೆ ನಡೆಯುವುದು ಜನನ ನೋಂದಣಿಯ ಕಿಟಕಿಯ ಎದುರು. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ಹೆಸರಿಗೆ ಮಾತ್ರ ಅವಸರ ಇಲ್ಲ. ಒಂದು ವರ್ಷದವರೆಗೆ ಪುಕ್ಕಟೆ ಸೇರಿಸಬಹುದು, ದಂಡ ಕಟ್ಟಿದರೆ 15 ವರ್ಷದವರೆಗೂ ಸರ್ಕಾರ ಕಾಯುತ್ತದೆ. ಮೊನ್ನೆ ಅಂಥ ಒಂದು ಸಾಲಿನಲ್ಲಿ ನಾನೂ ನಿಂತಿದ್ದೆ. ನನ್ನ ಮುಂದಿದ್ದವರ ಕಂಕುಳಲ್ಲಿ ಅಧಿರಾಜ್ ಇದ್ದ. ಸಂಖ್ಯಾಶಾಸ್ತ್ರದವರು ಹೇಳಿದಂತೆ ಇಂಗ್ಲಿಷಿನಲ್ಲಿ ಎರಡು ಎಚ್, ಮೂರು ಎ. ಆದರೆ ಪ್ರಮಾಣಪತ್ರದಲ್ಲಿ ಬಂದಿದ್ದು ಎರಡೇ ಎ.

'ಸಾರ್, ಒಂದು ಎ ಬಿಟ್ಟುಹೋಗಿದೆ. ಅದಿಲ್ಲದಿದ್ರೆ ರಾಜಯೋಗ ಇಲ್ವಂತೆ.'

'ಅಫಿಡವಿಟ್ ಮಾಡಿಸ್ಕೊಂಡು ಬನ್ನಿ.'

'ಇವತ್ತೇ ಆಗುತ್ತಾ ಸಾರ್?'

'ಸರ್ವರ್ ಇಲ್ಲ. ಸೋಮವಾರ ಬನ್ನಿ.'

ಅಧಿರಾಜನಿಗೆ ಅಷ್ಟರಲ್ಲಿ ಹಸಿವಾಗಿತ್ತು. ಅಪ್ಪ ಅವನನ್ನು ಹೆಗಲಿಗೆ ಹಾಕಿಕೊಂಡು, 'ಅಳಬೇಡ ಪುಟ್ಟ' ಅನ್ನುತ್ತಾ ಬಸ್‌ಸ್ಟ್ಯಾಂಡ್ ಕಡೆ ಓಡಿದರು. ನನ್ನ ಸರದಿ ಬಂದಾಗ ಊಟದ ಹೊತ್ತಾಗಿತ್ತು, ಕಿಟಕಿ ಮುಚ್ಚಿದರು.