ಅಜ್ಜಿಗೆ ಸಂಬಳ ಬೇಡ, ಪಿಂಚಣಿಯಲ್ಲಿ ಲೆಕ್ಕ ಬೇಕು

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಗು ಹುಟ್ಟಿತೆಂದರೆ ಏರ್ಪಾಡು ಹೆಚ್ಚುಕಮ್ಮಿ ಒಂದೇ ತರಹ. ಮೊದಲು ಹುಡುಗಿಯ ಅಪ್ಪ-ಅಮ್ಮ ಬರುತ್ತಾರೆ. ಅವರು ಹೊರಡುವ ಹೊತ್ತಿಗೆ ಹುಡುಗನ ಕಡೆಯವರು ಬಂದಿಳಿಯುತ್ತಾರೆ. ವಿಸಿಟರ್ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ, ಹಾಗಾಗಿ ಈ ಪಾಳಿ. ನರ್ಸರಿಯ ತಿಂಗಳ ಬಿಲ್ ಕೈಗೆ ಬಂದವರಿಗೆ ವಿಮಾನದ ಟಿಕೆಟ್ಟು, ಇನ್ಶೂರೆನ್ಸು ಎಲ್ಲ ಸೇರಿದರೂ ಅಜ್ಜಿಯನ್ನು ಕರೆಸಿಕೊಳ್ಳುವುದೇ ಅಗ್ಗ ಅನ್ನುವುದು ಬೇಗ ತಿಳಿಯುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಅಮ್ಮನಿಗೂ ಮೊಮ್ಮಗುವಿನ ಜೊತೆ ಇದ್ದ ಹಾಗಾಯಿತು" ಅನ್ನುತ್ತೇವೆ. ಅದೂ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಆಕೆಗೆ ಹಣ ಕೊಡೋಣ ಅಂದರೆ ವೀಸಾ ನಿಯಮವೇ ಅಡ್ಡ ಬರುತ್ತದೆ. ಸಂಬಂಧಿಕರ ಮಗುವನ್ನು ಸ್ವಲ್ಪ ಕಾಲ ನೋಡಿಕೊಳ್ಳಬಹುದು, ಆದರೆ ಅದು ಉದ್ಯೋಗ ಆಗಕೂಡದು. ಬಂದಾಗ ಆಕೆಗೆ ಕಾಯಿಲೆಯಾಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಹೊರಗಿನಿಂದ ಬಂದವರಿಗೆ ಇಲ್ಲಿನ ಸರ್ಕಾರಿ ಆಸ್ಪತ್ರೆ ಹಾಕುವುದು ಸಾಮಾನ್ಯ ದರದ ಒಂದೂವರೆ ಪಟ್ಟು. ತುರ್ತು ಚಿಕಿತ್ಸಾ ವಿಭಾಗದಲ್ಲಿ ನೋಡಿ ಕಳಿಸಿದರೆ ಹಣವಿಲ್ಲ, ವಾರ್ಡಿಗೆ ಸೇರಿಸಿದರೆ ಮೀಟರ್ ಓಡಲು ಶುರು. ಇನ್ಶೂರೆನ್ಸಿನಲ್ಲಿ ಬಿಪಿ, ಶುಗರ್ ಇದೆ ಎಂದು ಬರೆಸದೆ ಪ್ರೀಮಿಯಂ ಉಳಿಸಲು ನೋಡುವ ಮಕ್ಕಳನ್ನು ನಾನು ನೋಡಿದ್ದೇನೆ. ತಾಯಿಯ ದುಡಿಮೆ ಬೇಕು, ತಾಯಿಯ ಮೇಲೆ ಖರ್ಚು ಬೇಡ. ಒರಟು ಮಾತು, ಆದರೆ ನಡೆಯುತ್ತಿರುವುದು ಅದೇ.

ಇದೇ ದೇಶ ತನ್ನ ಅಜ್ಜಿಯರನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ನಾನು ಗಮನಿಸಿದ್ದು ನಮ್ಮ ಬೀದಿಯ ಒಬ್ಬರಿಂದ. ಅರವತ್ತು ಆಗುವ ಮೊದಲೇ ಕೆಲಸ ಬಿಟ್ಟು ಮಗಳ ಮಗುವನ್ನು ನೋಡಿಕೊಳ್ಳುತ್ತಿದ್ದರು. ಒಂದು ದಿನ ಶಾಲೆಯ ಗೇಟಿನ ಹತ್ತಿರ ಇನ್ನೊಬ್ಬ ಅಜ್ಜಿ ಹೇಳಿದ ಮೇಲೆ ಒಂದು ಅರ್ಜಿ ತಂದು ತುಂಬಿಸಿದರಂತೆ. ಅದರಲ್ಲಿ ಇರುವುದು ಇಷ್ಟೇ: ಯಾವ ಮಗು, ಯಾವ ವರ್ಷ, ಯಾವ ದಿನದಿಂದ ಯಾವ ದಿನದವರೆಗೆ ನೋಡಿಕೊಂಡಿರಿ, ಕೊನೆಗೆ ಅಜ್ಜಿಯದೊಂದು ಸಹಿ, ಮಗಳದೊಂದು ಸಹಿ.

ಇದರಿಂದ ಕೈಗೆ ಒಂದು ಪೈಸೆಯೂ ಬರುವುದಿಲ್ಲ, ಬರುವುದು ಪಿಂಚಣಿ ಲೆಕ್ಕದಲ್ಲಿ ಒಂದು ವರ್ಷ. ಬ್ರಿಟನ್ನಿನಲ್ಲಿ ಪೂರ್ತಿ ಸರ್ಕಾರಿ ಪಿಂಚಣಿ ಸಿಗಬೇಕಾದರೆ 35 ವರ್ಷ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಕಟ್ಟಿರಬೇಕು, ಇಲ್ಲವೇ ಕಟ್ಟಿದಂತೆಯೇ ಲೆಕ್ಕಕ್ಕೆ ಬರುವ ಕ್ರೆಡಿಟ್ ಇರಬೇಕು. ದುಡಿಯುವ ತಾಯಿಗೆ ಸಂಬಳದಿಂದಲೇ ಆ ವರ್ಷ ದಾಖಲಾಗುತ್ತದೆ. ಚೈಲ್ಡ್ ಬೆನಿಫಿಟ್, ಅಂದರೆ ಮಕ್ಕಳಿಗೆಂದು ಸರ್ಕಾರ ಕೊಡುವ ಭತ್ಯೆಗೆ, ಮಗುವಿನ ಹೆಸರಲ್ಲಿ ಅರ್ಜಿ ಹಾಕಿದ್ದಕ್ಕೆ ಬರುವ ಕ್ರೆಡಿಟ್ ಆಕೆಗೆ ಹೆಚ್ಚುವರಿ. ಆ ಹೆಚ್ಚುವರಿಯನ್ನು ಅಜ್ಜಿಗೋ ಅಜ್ಜನಿಗೋ ವರ್ಗಾಯಿಸಬಹುದು ಎಂದು 2011ರ ಏಪ್ರಿಲ್‌ನಿಂದ ನಿಯಮವಿದೆ. ಮಗು ಹನ್ನೆರಡು ವರ್ಷದೊಳಗಿರಬೇಕು, ನೋಡಿಕೊಳ್ಳುವವರು ಪಿಂಚಣಿ ವಯಸ್ಸು ಮುಟ್ಟಿರಬಾರದು. ದಿನಕ್ಕೆ ಎಷ್ಟು ಗಂಟೆ ಎಂದು ಕೇಳುವುದೇ ಇಲ್ಲ. 2025-26ರಲ್ಲಿ ಪೂರ್ತಿ ಪಿಂಚಣಿ ವಾರಕ್ಕೆ 230.25 ಪೌಂಡ್. 35ರಿಂದ ಭಾಗಿಸಿದರೆ ಒಂದು ವರ್ಷದ ಬೆಲೆ ವಾರಕ್ಕೆ ಸುಮಾರು 6.58 ಪೌಂಡ್, ವರ್ಷಕ್ಕೆ ಹತ್ತಿರ ಹತ್ತಿರ 342. ಬದುಕಿರುವವರೆಗೂ ಬರುವ ಹಣ ಇದು. ಐದು ವರ್ಷ ಮೊಮ್ಮಗುವನ್ನು ನೋಡಿಕೊಂಡವರಿಗೆ ಐದರಷ್ಟಾಯಿತು.

ನನಗೆ ಇಷ್ಟವಾಗುವುದು ಇದರ ಹಿಂದಿರುವ ಯೋಚನೆ. ಅಜ್ಜಿ ಮಗುವನ್ನು ಎತ್ತಿಕೊಂಡ ಗಂಟೆಗೆ ಬೆಲೆ ಕಟ್ಟಲು ಅದು ಹೋಗುವುದಿಲ್ಲ. ಕೆಲಸ ಬಿಟ್ಟದ್ದರಿಂದ ಆಕೆಯ ಮುಪ್ಪಿಗೆ ಬಿದ್ದ ತೂತನ್ನು ಮಾತ್ರ ಮುಚ್ಚುತ್ತದೆ.

ತೊಡಕುಗಳೂ ಇವೆ. ಒಂದು ಚೈಲ್ಡ್ ಬೆನಿಫಿಟ್‌ಗೆ ಒಂದೇ ಕ್ರೆಡಿಟ್, ಆದ್ದರಿಂದ ಇಬ್ಬರು ಅಜ್ಜಿಯರು ಹಂಚಿಕೊಂಡು ನೋಡಿದರೂ ಒಬ್ಬರಿಗೇ ಸಿಗುವುದು. ಪಿಂಚಣಿ ವಯಸ್ಸು ದಾಟಿದವರಿಗೆ ಏನೂ ಇಲ್ಲ. ನಮ್ಮವರಿಗಂತೂ ಇದು ದೂರದ ಮಾತು. ಕೆಲಸದ ವೀಸಾದಲ್ಲಿರುವವರು ಚೈಲ್ಡ್ ಬೆನಿಫಿಟ್ಟಿಗೆ ಅರ್ಜಿ ಹಾಕುವ ಹಾಗೇ ಇಲ್ಲ. ಇಲ್ಲೇ ನೆಲೆಯೂರಿದ ಮೇಲೆ ಸಂಬಳ ಹೆಚ್ಚಿ, "ಹೇಗೂ ತೆರಿಗೆಯಲ್ಲಿ ವಾಪಸ್ ಹೋಗುವ ಹಣ" ಎಂದು ಎಷ್ಟೋ ಜನ ಹಾಕುವುದನ್ನೇ ಬಿಡುತ್ತಾರೆ. ಹಣ ಬೇಡ ಎಂದು ಗುರುತು ಹಾಕಿಯಾದರೂ ಅರ್ಜಿ ಸಲ್ಲಿಸಬೇಕು, ಇಲ್ಲದಿದ್ದರೆ ಇಲ್ಲೇ ನೆಲೆಸಿರುವ ಅಜ್ಜಿಯ ಕ್ರೆಡಿಟ್ಟೂ ಹೋಗುತ್ತದೆ. ಹಳೆಯ ವರ್ಷಗಳಿಗೂ ಈಗ ಕೇಳಿಕೊಳ್ಳಬಹುದು ಎನ್ನುವುದು ಇಲ್ಲಿ ಹಳೆಯ ತಲೆಮಾರಿನಿಂದ ಇರುವ ಕನ್ನಡಿಗರಿಗಾದರೂ ತಿಳಿದಿರಲಿ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಸ್ವೀಡನ್ನಿನಲ್ಲಿ ಒಂದು ಮಗುವಿಗೆ 480 ದಿನಗಳ ಪೋಷಕರ ಭತ್ಯೆ ಇದೆ. 2024ರ ಜುಲೈಯಿಂದ ಅದರಲ್ಲಿ ತಂದೆ, ತಾಯಿ ತಲಾ 45 ದಿನಗಳನ್ನು ಅಜ್ಜ-ಅಜ್ಜಿಗೆ ಅಥವಾ ಬೇರೆಯವರಿಗೂ ಬಿಟ್ಟುಕೊಡಬಹುದು. ಒಬ್ಬರೇ ಸಾಕುತ್ತಿದ್ದರೆ 90 ದಿನ. ಆದರೆ ಪಡೆಯುವವರು ಅಲ್ಲಿನ ಸಾಮಾಜಿಕ ವಿಮೆಯ ವ್ಯಾಪ್ತಿಯಲ್ಲಿರಬೇಕು, ಅಂದರೆ ಪ್ರವಾಸಕ್ಕೆ ಬಂದ ನಮ್ಮ ಅಮ್ಮಂದಿರಿಗೆ ಅಲ್ಲೂ ಇಲ್ಲ. ಹಂಗೆರಿ 2020ರಲ್ಲಿ ಇನ್ನೂ ನಿವೃತ್ತರಾಗದ ಅಜ್ಜ-ಅಜ್ಜಿಗೇ ಅವರ ಹಿಂದಿನ ಸಂಬಳದ ಶೇ. 70ರಷ್ಟನ್ನು, ಒಂದು ಮಿತಿಯೊಳಗೆ, ಮಗುವಿಗೆ ಎರಡು ವರ್ಷ ಆಗುವವರೆಗೆ ಕೊಡಲು ಶುರುಮಾಡಿತು. ಟರ್ಕಿ 2017ರಲ್ಲಿ ಅಜ್ಜಿಯರಿಗೆ ತಿಂಗಳಿಗೆ 425 ಲಿರಾ ಕೊಟ್ಟು ಒಂದು ಪ್ರಯೋಗ ಮಾಡಿ ನೋಡಿತ್ತು.

ದಕ್ಷಿಣ ಕೊರಿಯಾದ ಸೋಲ್ ನಗರದ್ದು ಸ್ವಲ್ಪ ವಿಚಿತ್ರ. 2023ರ ಸೆಪ್ಟೆಂಬರ್‌ನಿಂದ, ಎರಡರಿಂದ ಮೂರು ವರ್ಷದೊಳಗಿನ ಮೊಮ್ಮಗುವನ್ನು ತಿಂಗಳಿಗೆ 40 ಗಂಟೆಗೆ ಕಡಿಮೆಯಿಲ್ಲದಂತೆ ನೋಡಿಕೊಂಡರೆ ತಿಂಗಳಿಗೆ 3 ಲಕ್ಷ ವನ್. ಮನೆಯ ಆದಾಯಕ್ಕೆ ಮಿತಿ ಇದೆ. ಶುರುಮಾಡಿದಾಗ, ಮುಗಿಸಿದಾಗ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಹಾಜರಿ ಹಾಕಬೇಕು. ಮೊಮ್ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹಾಜರಿ ಒತ್ತುವ ಅಜ್ಜಿಯನ್ನು ನೆನೆದರೆ ನನಗೆ ಕಸಿವಿಸಿ. ಸಂಬಳ ಬಂದ ಕಡೆ ಮೇಲ್ವಿಚಾರಕ ಬಾರದೆ ಇರುವುದಿಲ್ಲ.

ಸಿಂಗಪುರದ್ದು ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ಮತ್ತು ಅದಕ್ಕಿಂತ ಕೆಳಗಿನ ಮಗುವನ್ನು ಅಜ್ಜ-ಅಜ್ಜಿ ನೋಡಿಕೊಂಡರೆ ದುಡಿಯುವ ತಾಯಿಯ ತೆರಿಗೆ ಲೆಕ್ಕದಲ್ಲಿ 3,000 ಸಿಂಗಪುರ ಡಾಲರ್ ವಿನಾಯಿತಿ. ಬೆವರು ಅಜ್ಜಿಯದು, ವಿನಾಯಿತಿ ಮಗಳದು ಅಥವಾ ಸೊಸೆಯದು. ಅದರಲ್ಲಿ ಅಜ್ಜಿಗೆಷ್ಟು ಎನ್ನುವುದು ಆ ಮನೆಯವರ ಮನಸ್ಸಿಗೆ ಬಿಟ್ಟದ್ದು. ತೆರಿಗೆ ಕಟ್ಟುವಷ್ಟು ಸಂಬಳವಿಲ್ಲದ ತಾಯಿಗೆ ಅದೂ ಇಲ್ಲ.

ಇನ್ನು ನಮ್ಮಲ್ಲಿ. ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆ ಎಂದೇ ಭಾರತದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನೆರವಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅಜ್ಜ-ಅಜ್ಜಿ ಮಕ್ಕಳಿಂದ, ಮೊಮ್ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಆದರೆ ಅದು ಕೈಬಿಟ್ಟ ಮಕ್ಕಳ ಮೇಲೆ ಹಾಕುವ ದೂರು. ಕೂಡಿ ಬಾಳುತ್ತಿರುವ ಮನೆಯ ಅಜ್ಜಿ ಅಲ್ಲಿಗೇಕೆ ಹೋಗುತ್ತಾಳೆ? ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾಗುವಾಗ, 2023ರಲ್ಲಿ, ಅದು ಅತ್ತೆಗೋ ಸೊಸೆಗೋ ಎಂದು ರಾಜ್ಯವೆಲ್ಲ ಮಾತಾಡಿತು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು ಎನ್ನುವ ಪ್ರಶ್ನೆ ಮಾತ್ರ ಆ ಗಲಾಟೆಯಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಉದ್ಯೋಗ ಖಾತ್ರಿಯನ್ನೇ ನೋಡಿ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕು ಎಂದು 2005ರ ಕಾಯ್ದೆಯಲ್ಲೇ ಬರೆದಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳಲ್ಲೂ ನೋಡಿಕೊಳ್ಳುವವರಿಗೆ ಕೂಲಿಯುಂಟು. ಒಳ್ಳೆಯದೇ. ಆದರೆ ಅದೇ ಊರಿನ ಅದೇ ಹೆಂಗಸು ಮನೆಯಲ್ಲಿ ಕೂತು ಮಗಳ ಕೂಸನ್ನು ನೋಡಿಕೊಂಡರೆ ಲೆಕ್ಕಕ್ಕಿಲ್ಲ. ಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ತಾಯಿ ಕೂಲಿ ಬಿಟ್ಟು ಮನೆಯಲ್ಲಿ ಉಳಿಯುತ್ತಾಳೆ. ಹೀಗೆ ಕೂಲಿ ಬಿಟ್ಟವಳಿಗೆ ಅನೇಕ ಸಲ ಐವತ್ತೂ ಆಗಿರುವುದಿಲ್ಲ, ಏಕೆಂದರೆ ನಮ್ಮಲ್ಲಿ ಎಷ್ಟೋ ಹೆಂಗಸರು ನಲವತ್ತೈದಕ್ಕೇ ಅಜ್ಜಿಯರಾಗುತ್ತಾರೆ. ವೃದ್ಧಾಪ್ಯದ ಹಣ ಬರಲು ಇನ್ನೂ ಬಹಳ ದಿನವಿದೆ. ಬಂದಾಗಲೂ ಎಷ್ಟು? ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಎಂಬತ್ತು ತುಂಬದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ.

ಹಾಗಾದರೆ ಆಕೆಯೇ ಪಿಂಚಣಿಗೆ ಕಟ್ಟಿಕೊಳ್ಳಲಿ ಅನ್ನುತ್ತೀರಾ? ಅಟಲ್ ಪಿಂಚಣಿ ಯೋಜನೆಗೆ ಸೇರಲು ವಯಸ್ಸು 18ರಿಂದ 40. ಸರ್ಕಾರವೂ ಸಮಪಾಲು ಹಾಕಿ ಅರವತ್ತರ ನಂತರ ತಿಂಗಳಿಗೆ 3,000 ಕೊಡುವ ಶ್ರಮಯೋಗಿ ಮಾನಧನ್ ಯೋಜನೆಗೂ 18ರಿಂದ 40. ಅಂದರೆ ಅಜ್ಜಿಯಾಗುವ ಹೊತ್ತಿಗೆ ಎರಡೂ ಬಾಗಿಲು ಮುಚ್ಚಿರುತ್ತವೆ.

ಅಪ್ಪ-ಅಮ್ಮ ಇಬ್ಬರೂ ಇಲ್ಲದ ಮಕ್ಕಳನ್ನು ಸಾಕುವ ಅಜ್ಜ-ಅಜ್ಜಿಯರದು ಬೇರೆಯೇ ಕಥೆ. ಅಲ್ಲಿ ಕೈಗೆ ಹಣವೇ ಬೇಕು, ಇಂದೇ ಬೇಕು. ಅದಕ್ಕೆ ನಮ್ಮಲ್ಲಿ ದಾರಿ ಇದೆ, ತಿಳಿದವರು ಕಡಿಮೆ. ಮಕ್ಕಳ ರಕ್ಷಣೆಗೆಂದಿರುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೂ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆಡೆ 96,000 ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು. ಎಪ್ಪತ್ತರ ಅಜ್ಜಿಗೆ ಆ ಕಚೇರಿ ಎಲ್ಲಿದೆ ಎಂದು ತೋರಿಸುವವರು ಬೇಕು, ಅಷ್ಟೇ. ಊರಿಗೆ ಹೋದಾಗ ನಮ್ಮಂಥವರು ಮಾಡಬಹುದಾದ ಕೆಲಸ ಇದು.

ಉಳಿದವರ ವಿಷಯದಲ್ಲಿ ಒಂದು ಆಕ್ಷೇಪ ಖಂಡಿತ ಬರುತ್ತದೆ. ಪ್ರೀತಿಗೆ ದುಡ್ಡೇ? ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಮಗುವನ್ನು ಒಂದು ದಿನವೂ ಪೂರ್ತಿ ನೋಡಿಕೊಳ್ಳದ ಗಂಡಸರು, ಬಿಡಿ. ಇನ್ನೊಂದು ಪ್ರಶ್ನೆ ಗಟ್ಟಿಯಾದದ್ದು: ನಿಜವಾಗಿ ನೋಡಿಕೊಳ್ಳುತ್ತಿದ್ದಾಳೆ ಎಂದು ಪರೀಕ್ಷಿಸುವವರು ಯಾರು? ನಮ್ಮಲ್ಲಿ ಸುಳ್ಳು ಫಲಾನುಭವಿಗಳು ಹೊಸದೇನಲ್ಲ. ಬ್ರಿಟನ್ನಿನಲ್ಲಿ ತಾಯಿಯ ದುಡಿಮೆಯ ದಾಖಲೆಯೇ ಸಾಕ್ಷಿ. ನಮ್ಮಲ್ಲೂ ಗಾರ್ಮೆಂಟ್ಸಿನ ಹುಡುಗಿಯ ಇಎಸ್‌ಐ, ಪಿಎಫ್ ಕಟ್ಟಿದ ದಾಖಲೆ ಇದೆ, ಮಗುವಿನ ಹೆಸರು ಅಂಗನವಾಡಿಯ ಪುಸ್ತಕದಲ್ಲಿದೆ. ತಾಯಿ ದುಡಿಯುತ್ತಿದ್ದು ಮಗು ಚಿಕ್ಕದಿದ್ದರೆ ಯಾರೋ ಒಬ್ಬರು ಮನೆಯಲ್ಲಿ ಇದ್ದೇ ಇದ್ದಾರೆ. ಅವರು ಯಾರು ಎಂದು ತಾಯಿಯೇ ಸಹಿ ಹಾಕಿ ಹೇಳಲಿ. ಒಂದು ಮಗುವಿಗೆ ಒಬ್ಬರೇ, ಹಣ ಕೈಗಲ್ಲ, ಅವರ ಪಿಂಚಣಿ ಖಾತೆಗೆ. ಅರವತ್ತರವರೆಗೆ ತೆಗೆಯಲಾಗದ ಹಣಕ್ಕೆ ಮಧ್ಯವರ್ತಿಗಳು ಅಷ್ಟಾಗಿ ಮುಗಿಬೀಳಲಾರರು. ಅದಕ್ಕೂ ಮೊದಲು ಸೇರುವ ವಯಸ್ಸಿನ ಆ ನಲವತ್ತರ ಗೆರೆಯನ್ನು ಮೊಮ್ಮಕ್ಕಳನ್ನು ನೋಡಿಕೊಳ್ಳುವವರ ಮಟ್ಟಿಗಾದರೂ ಐವತ್ತೈದಕ್ಕೆ ಏರಿಸಬೇಕು, ವಂತಿಗೆಯ ಅವರ ಪಾಲನ್ನೂ ಮಗು ಶಾಲೆಗೆ ಸೇರುವವರೆಗೆ ಸರ್ಕಾರವೇ ಕಟ್ಟಬೇಕು.