ಗಾಲ್ಫ್‌ನಲ್ಲಿ ಇಡೀ ವರ್ಷದ ಕಪ್ ನಾಲ್ಕೇ ದಿನದಲ್ಲಿ ತೀರ್ಮಾನ ಆಗಬೇಕಾ?

ಪರ

ಗಾಲ್ಫ್ ಆಟಗಾರ ಟಾಮಿ ಫ್ಲೀಟ್‌ವುಡ್ ಅಮೆರಿಕದ ಪಿಜಿಎ ಟೂರ್‌ನಲ್ಲಿ 163 ಟೂರ್ನಿ ಆಡಿ ಒಂದನ್ನೂ ಗೆದ್ದಿರಲಿಲ್ಲ. 164ನೆಯದು 2025ರ ಆಗಸ್ಟ್‌ನಲ್ಲಿ, ಅಟ್ಲಾಂಟಾದ ಈಸ್ಟ್ ಲೇಕ್‌ನಲ್ಲಿ ನಡೆದ ಸೀಸನ್ನಿನ ಕೊನೆಯ ಟೂರ್ನಿ, ಟೂರ್ ಚಾಂಪಿಯನ್‌ಶಿಪ್. ಗೆದ್ದ, ಜೊತೆಗೆ ಸೀಸನ್ನಿನ ಫೆಡೆಕ್ಸ್ ಕಪ್ಪೂ ಅವನದೇ ಆಯಿತು. ಇಂಥ ಭಾನುವಾರ ವರ್ಷವಿಡೀ ಕೂಡಿಸಿದ ಪಾಯಿಂಟ್ಸ್ ಪಟ್ಟಿಯಿಂದ ಹುಟ್ಟಲ್ಲ.

ಹಿಂದಿನ ಪದ್ಧತಿ ನೆನಪಿದೆಯಾ? 2019ರಿಂದ 2024ರವರೆಗೆ ಪಾಯಿಂಟ್ಸ್‌ನಲ್ಲಿ ಮುಂದಿದ್ದವನು ಒಂದು ಶಾಟ್ ಕೂಡ ಹೊಡೆಯದೆ 10 ಅಂಡರ್‌ನಿಂದ, ಅಂದರೆ ನಿಗದಿತ ಹೊಡೆತಕ್ಕಿಂತ ಹತ್ತು ಕಡಿಮೆಯಿಂದ ಶುರು ಮಾಡುತ್ತಿದ್ದ (ಗಾಲ್ಫ್‌ನಲ್ಲಿ ಕಡಿಮೆ ಹೊಡೆದವನೇ ಗೆಲ್ಲೋದು). ಅದಕ್ಕೂ ಮೊದಲು ಇನ್ನೊಂದು ತಮಾಷೆ, 2018ರಲ್ಲಿ ಟೈಗರ್ ವುಡ್ಸ್ ಟೂರ್ನಿ ಗೆದ್ದರೂ ಕಪ್ ಹೋಗಿದ್ದು ಜಸ್ಟಿನ್ ರೋಸ್‌ಗೆ. ಈಗ 30 ಜನರೂ ಸೊನ್ನೆಯಿಂದಲೇ. ಆ 30ರೊಳಗೆ ಬರೋದೂ ಸುಮ್ನೆ ಅಲ್ಲ, ಮೊದಲ ಸುತ್ತಿನ ಟೂರ್ನಿಗೆ ಮೆಂಫಿಸ್‌ಗೆ 70 ಜನ, ಅಲ್ಲಿಂದ ಬಿಎಂಡಬ್ಲ್ಯೂ ಚಾಂಪಿಯನ್‌ಶಿಪ್‌ಗೆ 50, ಉಳಿದವರಿಗಷ್ಟೇ ಈಸ್ಟ್ ಲೇಕ್.

ನಮ್ಮ ಆರ್‌ಸಿಬಿ ಕೂಡ 2025ರಲ್ಲೇ ಲೀಗ್ ಪಟ್ಟಿಯಲ್ಲಿ ಪಂಜಾಬ್‌ಗಿಂತ ಕೆಳಗಿತ್ತು, ಫೈನಲ್‌ನಲ್ಲಿ ಅದೇ ಪಂಜಾಬನ್ನು 6 ರನ್‌ನಿಂದ ಸೋಲಿಸಿತು. ಕಪ್ ವಾಪಸ್ ಕೊಡೋಣ ಅಂತ ಬೆಂಗಳೂರಲ್ಲಿ ಯಾರಾದರೂ ಹೇಳಿದರಾ?

ವಿರೋಧ

ಆರ್‌ಸಿಬಿ ಹೆಸರು ತಂದು ಬಾಯಿ ಮುಚ್ಚಿಸೋದು ಸುಲಭ! ಆದರೆ ಕ್ರಿಕೆಟ್‌ನಲ್ಲಿ ಎದುರಿಗೆ ಒಂದೇ ತಂಡ ಇರುತ್ತೆ, ಇಲ್ಲಿ ಒಬ್ಬ 29 ಜನರನ್ನು ಒಟ್ಟಿಗೆ ಹಿಂದೆ ಹಾಕಬೇಕು, ಅದೂ ಚೆಂಡು ಕುಳಿಯ ಅಂಚಿಗೆ ತಾಗಿ ಆಚೆ ಹೋದರೆ ಲೆಕ್ಕವೇ ಬದಲಾಗುವ ಆಟದಲ್ಲಿ. 2024ರಲ್ಲಿ ಸ್ಕಾಟಿ ಶೆಫ್ಲರ್ 19 ಟೂರ್ನಿಯಲ್ಲಿ 7 ಗೆದ್ದಿದ್ದಕ್ಕೇ ಎಲ್ಲರೂ ಬೆರಗಾದರು. ಅಂದರೆ ಎಲ್ಲರಿಗಿಂತ ಚೆನ್ನಾಗಿ ಆಡುವವನೂ ಸೋಲೋದೇ ಜಾಸ್ತಿ. ಅದಕ್ಕೇ ಅಲ್ವಾ ಇಡೀ ವರ್ಷದ ಲೆಕ್ಕ ಬೇಕಾಗಿರೋದು?

2025ರಲ್ಲಿ ಈಸ್ಟ್ ಲೇಕ್‌ಗೆ ಬರುವ ಹೊತ್ತಿಗೆ ಶೆಫ್ಲರ್ ಐದು ಗೆದ್ದಿದ್ದ, ಅದರಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಮತ್ತು ದಿ ಓಪನ್ ಎರಡು ಮೇಜರ್ (ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳ ಪೈಕಿ). ಫ್ಲೀಟ್‌ವುಡ್ ಮೇಲೆ ನನಗೂ ಪ್ರೀತಿ ಇದೆ, ಆದರೆ ಆ ವರ್ಷ ಯಾರದು ಅಂತ ಗಾಲ್ಫ್ ನೋಡುವ ಯಾರನ್ನಾದರೂ ಕೇಳಿ. 10 ಅಂಡರ್ ಪದ್ಧತಿ ವಿಚಿತ್ರವಾಗಿತ್ತು, ಒಪ್ಪುತ್ತೇನೆ. ಅದೂ ಶೆಫ್ಲರ್‌ನನ್ನು ಕಾಯಲಿಲ್ಲ ಬಿಡಿ, 2022ರಲ್ಲಿ ರೋರಿ ಮೆಕಿಲ್‌ರಾಯ್‌ಗಿಂತ ಆರು ಸ್ಟ್ರೋಕ್ ಮುಂದೆ ಶುರು ಮಾಡಿ ಒಂದರಿಂದ ಸೋತ.

ಇನ್ನು ಟೂರ್ನಿ ಒಬ್ಬನಿಗೆ, ವರ್ಷದ ಕಪ್ ಇನ್ನೊಬ್ಬನಿಗೆ ಹೋದರೆ ತಮಾಷೆ ಅನ್ನುವ ಮಾತು. ಯುರೋಪಿನ ಟೂರ್ ನೋಡಿ. 2025ರ ನವೆಂಬರ್‌ನಲ್ಲಿ ದುಬೈನ ಕೊನೆಯ ಟೂರ್ನಿಯನ್ನು ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಪ್ಲೇಆಫ್‌ನಲ್ಲಿ (ಸಮವಾದಾಗ ಆಡುವ ಹೆಚ್ಚುವರಿ ಆಟದಲ್ಲಿ) ಗೆದ್ದ. ಸೋತವನು ಮೆಕಿಲ್‌ರಾಯ್. ವರ್ಷದ ಪಾಯಿಂಟ್ಸ್‌ನಲ್ಲಿ ಮುಂದಿದ್ದವನೂ ಅವನೇ, ಹಾಗಾಗಿ ಸೀಸನ್ ಟ್ರೋಫಿ ಅವನ ಕೈಗೆ, ಟೂರ್ನಿ ಟ್ರೋಫಿ ಫಿಟ್ಜ್‌ಪ್ಯಾಟ್ರಿಕ್ ಕೈಗೆ. ಇದರಲ್ಲಿ ಅರ್ಥವಾಗದೇ ಇರೋದು ಏನಿದೆ?