ಸತ್ಯಾಂಶ: ‘ವೆಜಿಟಬಲ್ ಸೂಪ್’ ಎಂದರೆ ಸಸ್ಯಾಹಾರವೇ?

‘ಲಂಡನ್ನಿನ ಪೆಕ್ಹಮ್‌ನಲ್ಲಿರುವ ನೈಜೀರಿಯನ್ ಹೋಟೆಲ್‌ಗಳಲ್ಲಿ ವೆಜಿಟಬಲ್ ಸೂಪ್ ಕೇಳಿ, ಅದು ಶುದ್ಧ ಸಸ್ಯಾಹಾರ’ ಎಂಬ ವಾಟ್ಸಾಪ್ ಸಲಹೆ ತಪ್ಪು. ಅಲ್ಲಿ ಆ ಹೆಸರಿಗೆ ಸೊಪ್ಪಿನ ಗಟ್ಟಿ ಸಾರು ಎಂದಷ್ಟೇ ಅರ್ಥ.

ಇಂಥ ಸೊಪ್ಪಿನ ಸಾರುಗಳಲ್ಲೊಂದಾದ ಎಫೊ ರಿರೊವನ್ನೇ ನೋಡಿ. ತಾಳೆ ಎಣ್ಣೆಯಲ್ಲಿ ಈರುಳ್ಳಿ, ರುಬ್ಬಿದ ಕೆಂಪು ಮೆಣಸಿನಕಾಯಿ ಬಾಡಿಸಿ, ಮಾಂಸ ಬೇಯಿಸಿದ ನೀರು, ಒಣ ಮೀನು, ಕ್ರೇಫಿಶ್ ಪುಡಿ (ಒಣ ಸಿಗಡಿ) ಹಾಕಿ, ಕೊನೆಗೆ ಸೊಪ್ಪು ಸೇರಿಸುವುದು ವಾಡಿಕೆ. ‘ಮಾಂಸ ತೆಗೆದು ಕೊಡಿ’ ಎಂದರೆ ತುಂಡುಗಳಷ್ಟೇ ಹೋಗುತ್ತವೆ. ಪುಡಿ ಆಗಲೇ ಸಾರಿನಲ್ಲಿ ಬೆರೆತಿರುತ್ತದೆ. ತಮಾಷೆಯೆಂದರೆ, ಇದೇ ಸಾರಿಗೆ ಹಾಕುವ, ಮೂಗಿಗೆ ಹೊಡೆಯುವ ವಾಸನೆಯ ‘ಇರು’ ಮಾತ್ರ ಅಪ್ಪಟ ಸಸ್ಯಾಹಾರ, ಹುದುಗಿಸಿದ ಕಾಳು ಅದು!

ಟೊಮೇಟೊ, ಮೆಣಸಿನಕಾಯಿ ಹಾಕಿ ಮಾಡುವ ಜೊಲೊಫ್ ಅನ್ನಕ್ಕೂ ಹೆಚ್ಚಾಗಿ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ನೀರು) ಬೀಳುತ್ತದೆ. ಅಲಸಂದೆ ರುಬ್ಬಿ ಹಬೆಯಲ್ಲಿ ಬೇಯಿಸಿದ ಮೊಯಿ ಮೊಯಿ ನಮ್ಮ ನುಚ್ಚಿನುಂಡೆಯ ದೂರದ ನೆಂಟ, ಆದರೆ ಒಳಗೆ ಮೊಟ್ಟೆಯೋ ಮೀನೋ ಅವಿತಿರಬಹುದು.

ಪೌಂಡೆಡ್ ಯಾಮ್ ಬರೀ ಗೆಡ್ಡೆ ಬೇಯಿಸಿ ಕುಟ್ಟಿದ ಮುದ್ದೆ, ಚಿಂತೆಯಿಲ್ಲ. ಡೋಡೊ ಎಂಬ ಕರಿದ ಬಾಳೆಹಣ್ಣೂ ಸರಿ, ಮೀನು ಕರಿದ ಎಣ್ಣೆಯಲ್ಲದಿದ್ದರೆ. ಸಾರು ದೊಡ್ಡ ಪಾತ್ರೆಯಲ್ಲಿ ಮೊದಲೇ ತಯಾರಾಗಿರುವುದರಿಂದ ಹಿಂದಿನ ದಿನವೇ ಫೋನ್ ಮಾಡಿ: ‘ಕ್ರೇಫಿಶ್, ಒಣ ಮೀನು, ಸ್ಟಾಕ್ ಇಲ್ಲದೆ, ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತೀರಾ?’ ‘ವೆಜ್ ಇದೆಯಾ?’ ಎಂದು ಕೇಳಿದರೆ ಸೊಪ್ಪು ಇದೆ ಎಂದೇ ಉತ್ತರ ಬರುತ್ತದೆ.